ಕಡಲ ಬೀದಿಯ ಏಳನೇ ಮನೆ

"ವ್ಯತ್ಯಯ ಅಂದ್ರೆ ಏನು ಮೇಡಂ? ನೀರು ಬರುತ್ತಾ, ಬರಲ್ವಾ?"

ಪುರಸಭೆಯ ಎರಡನೇ ಕಿಟಕಿಯ ಆಚೆ ನಿಂತವನು ಕೇಳಿದ್ದು ಇಷ್ಟೇ. ಆದರೆ ಕಿಟಕಿಯ ಈಚೆ ಕುಳಿತವಳ ಕಿವಿ ಬಿಸಿಯಾಯಿತು.

ಅವಳು ತಲೆ ಎತ್ತಿದಳು. ಅಗಲ ಭುಜದ ಆಳು. ಹೆಬ್ಬೆರಳಿಗೆ ಚರ್ಮದ ಪಟ್ಟಿ, ಅಂಗಿಯ ಜೇಬಿನಲ್ಲಿ ಬೆರಳುದ್ದದ ಎರಡು ಸೂಜಿ. ಕೈಯಲ್ಲಿ ಆ ವಾರದ ಪ್ರಕಟಣೆ. ಅವಳೇ ಬರೆದದ್ದು, ಅವಳೇ ಸಹಿ ಹಾಕಿದ್ದು. 'ಕಡಲ ಬೀದಿಯಲ್ಲಿ ಸೋಮವಾರ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕು.'

"ಬರಲ್ಲ," ಎಂದಳು.

"ಹಾಗಂತಲೇ ಬರೀಬಹುದಿತ್ತಲ್ಲ. ನಮ್ಮಜ್ಜಿ ಬೆಳಗ್ಗೆ ಐದರಿಂದ ನಲ್ಲಿ ಮುಂದೆ ಕೊಡ ಇಟ್ಕೊಂಡು ಸಹಕರಿಸ್ತಾ ನಿಂತಿದ್ದಾಳೆ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವನು ಮಾತ್ರ ನಗಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಬೈಯಲು ಬಂದವನಿಗೆ ಬೈಗುಳ ಮರೆತುಹೋದಂತೆ.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಅವನು ಹೋದ ಮೇಲೆ ಮೂರು ಅರ್ಜಿಗಳಿಗೆ ತಪ್ಪು ತಾರೀಖಿನ ಮುದ್ರೆ ಬಿದ್ದದ್ದು ಮಾತ್ರ ನಿಜ.

ಅದು ಗುಡ್ಡಕ್ಕೂ ಕಡಲಿಗೂ ನಡುವೆ ಒರಗಿ ಕುಳಿತ ಸಣ್ಣ ಊರು. ಊರಿಗೆ ತಿಳಿಸಬೇಕಾದದ್ದನ್ನೆಲ್ಲ ವಾರಕ್ಕೊಮ್ಮೆ ಒಂದು ಹಾಳೆಯಲ್ಲಿ ಬರೆಯುವುದು ಅವಳ ಕೆಲಸ. ಯಾವ ರಸ್ತೆ ಮುಚ್ಚಿದೆ, ಕಡಲು ಉಕ್ಕುವ ಭರತ ಎಷ್ಟು ಹೊತ್ತಿಗೆ, ಕಸದ ಗಾಡಿ ಯಾವ ದಿನ. ಹಾಳೆ ಒಂಬತ್ತು ಫಲಕಗಳ ಮೇಲೆ ಅಂಟುತ್ತಿತ್ತು, ಜನರ ಫೋನುಗಳಿಗೆ ಹೋಗುತ್ತಿತ್ತು. ಶನಿವಾರ ಬೆಳಗ್ಗೆ ಹತ್ತಕ್ಕೆ ಕಚೇರಿಯ ಮಾಳಿಗೆಯ ಮೈಕಿನಲ್ಲಿ ಅವಳೇ ಓದುತ್ತಿದ್ದಳು. ಊರಿನವರು ಅವಳನ್ನು ನೋಟೀಸಮ್ಮ ಎಂದೇ ಕರೆಯುತ್ತಿದ್ದರು. ಮದುವೆಯಾಗದ ಇಪ್ಪತ್ತೇಳರ ಹೆಣ್ಣುಮಗಳಿಗೆ ಅಮ್ಮ ಎಂಬ ಪದವಿ ಸುಮ್ಮನೆ ಸಿಕ್ಕಿಬಿಟ್ಟಿತ್ತು.

ಅವನು ಟಾರ್ಪಾಲು ದರ್ಜಿ. ದೋಣಿಗಳ ಹೊದಿಕೆ, ಲಾರಿಗಳ ಮುಚ್ಚಿಗೆ, ಅಂಗಡಿಗಳ ಮುಂದಿನ ನೆರಳು, ಎಲ್ಲವನ್ನೂ ಹೊಲಿಯುವವನು. ಕಡಲ ಬೀದಿಯ ಏಳನೇ ಮನೆಯಲ್ಲಿ ಅಜ್ಜಿಯ ಜೊತೆ ಇದ್ದ. ಆ ಮನೆಯ ನಡುಕೋಣೆ ಮೂವತ್ತು ಅಡಿ ಉದ್ದ. ಇಡೀ ದೋಣಿಯ ಹೊದಿಕೆಯನ್ನು ಮಡಚದೆ ನೆಲದ ಮೇಲೆ ಹಾಸಿ, ಅದರ ಮೇಲೆ ಮೊಣಕಾಲೂರಿ ಕತ್ತರಿಸುತ್ತಿದ್ದ. ಅಂಥ ನೆಲ ಊರಿನಲ್ಲಿ ಇನ್ನೊಂದಿರಲಿಲ್ಲ.

ಮುಂದಿನ ಶನಿವಾರ ಅವಳು ಬರೆದದ್ದು ಹೀಗಿತ್ತು: 'ಸೋಮವಾರ, ಮಂಗಳವಾರ ಕಡಲ ಬೀದಿಗೆ ನೀರು ಬರುವುದಿಲ್ಲ. ಭಾನುವಾರವೇ ತುಂಬಿಸಿಟ್ಟುಕೊಳ್ಳಿ.'

ಸೋಮವಾರ ಅವನು ಮತ್ತೆ ಕಿಟಕಿಯ ಮುಂದೆ. ಅಜ್ಜಿಗೆ ಅರ್ಥವಾಯಿತಂತೆ, ಹೇಳಿ ಬಾ ಅಂದಳಂತೆ. ಇಷ್ಟು ಹೇಳಲು ಅರ್ಧ ಗಂಟೆ ಸಾಲಿನಲ್ಲಿ ನಿಂತಿದ್ದ.

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಅವನಿಗೊಂದು ಅನುಮಾನ. ರಸ್ತೆ ಮುಚ್ಚುತ್ತದೆ ಅಂದರೆ ಸೈಕಲ್ಲಿಗೂ ಮುಚ್ಚುತ್ತದೆಯೇ? ಭರತದ ಹೊತ್ತು ಹಳೆಯ ಸೇತುವೆಯ ಹತ್ತಿರದ್ದೋ, ದೋಣಿ ನಿಲ್ಲುವ ಧಕ್ಕೆಯದ್ದೋ? ಅವಳು ಒಂದೊಂದನ್ನೂ ಬಿಡಿಸಿ ಹೇಳುವಳು. ಅವನು ತಲೆಯಾಡಿಸುವನು. ಹೋಗುವಾಗ ಒಮ್ಮೆ ತಿರುಗಿ ನೋಡುವನು... ಅಥವಾ ನೋಡಿದ ಎಂದು ಅವಳಿಗೆ ಅನ್ನಿಸುವುದು.

ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಒಂದು ಚಮಚವೂ ಜಾಗ ಬದಲಿಸುವಂತಿರಲಿಲ್ಲ.

"ವಾರಾವಾರ ಓದಿಸ್ಕೊಂಡು ಹೋಗ್ತಾನಲ್ಲ, ಅವನಿಗೆ ಕಣ್ಣು ಕಾಣಲ್ವಾ?"

"ಅವರ ಅಜ್ಜಿಗೆ ಕಾಣಲ್ಲ."

"ಅಜ್ಜಿ ಬಂದಿದ್ದು ನಾನು ನೋಡಿಲ್ಲಪ್ಪ. ನೀನು ಮಾತ್ರ ಸೋಮವಾರ ಬಂದ್ರೆ ಆ ನೀಲಿ ಸೀರೆ ಹುಡುಕ್ತೀಯ."

ನೀಲಿ ಸೀರೆಯ ವಿಷಯ ಅವಳಿಗೇ ಗೊತ್ತಿರಲಿಲ್ಲ. ತನ್ನ ಮನಸ್ಸಿನ ಸುದ್ದಿ ಊರಿಗೆಲ್ಲ ತಿಳಿದು, ತನಗೆ ಕೊನೆಗೆ ತಿಳಿಯುತ್ತಿದೆಯೇ? ಒಬ್ಬೊಬ್ಬರ ಎದೆಯಲ್ಲಿ ದೇವರು ಹೀಗೂ ದೀಪ ಹಚ್ಚುತ್ತಾನೆ. ಬೆಳಕು ಹೊರಗೆ ಬಿದ್ದಿರುತ್ತದೆ, ಒಳಗಿದ್ದವರು ಮಾತ್ರ ತಡವರಿಸುತ್ತಿರುತ್ತಾರೆ.

ಹೀಗಿರುವಾಗ ತಡೆಗೋಡೆಯ ಪ್ರಕಟಣೆ ಬಂತು.

ಕಡಲು ವರ್ಷ ವರ್ಷವೂ ಒಳಗೆ ಬರುತ್ತಿತ್ತು. ಅದನ್ನು ತಡೆಯಲು ಕಲ್ಲಿನ ಗೋಡೆ ಕಟ್ಟಬೇಕು, ಗೋಡೆಗೆ ಕಡಲ ಬೀದಿಯ ನಾಲ್ಕು ಮನೆಗಳ ಜಾಗ ಬೇಕು. ಸರ್ವೆಯವರು ಪಟ್ಟಿ ಕಳಿಸಿದ್ದರು: ಕಡಲಿನ ಕಡೆಯಿಂದ ಒಂದರಿಂದ ನಾಲ್ಕು. ತಕರಾರು ಇದ್ದವರು, ಬದಲಿ ಜಾಗದ ಬಗ್ಗೆ ಬೇಡಿಕೆ ಇದ್ದವರು ಹದಿನೈದು ದಿನದೊಳಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ಗುಡ್ಡದ ಮೇಲಿನ ಎರಡು ಕೋಣೆಯ ವಸತಿಗೆ ಹೋಗಬೇಕು, ಅಷ್ಟೇ.

ಇದು ಕಾನೂನಿನ ಪ್ರಕಟಣೆ, ಒಂದಕ್ಷರ ಬದಲಿಸಕೂಡದು ಎಂದು ಮುಖ್ಯಾಧಿಕಾರಿ ಹೇಳಿದ್ದರು. ಹಾಳೆಯ ಕೆಳಗೆ ಅಚ್ಚಾದ ಒಂದು ಸಾಲಿತ್ತು: 'ಸ್ಥಳಕ್ಕೆ ಖುದ್ದಾಗಿ ಹೋಗಿ ಮನೆಗಳ ಸಂಖ್ಯೆ ಪರಿಶೀಲಿಸಿದ್ದೇನೆ.' ಅದರ ಕೆಳಗೆ ಅವಳ ಸಹಿ ಬೇಕಿತ್ತು.

ಹೋಗಬೇಕು ಎಂದು ಅವಳು ಹೊರಟದ್ದೂ ಹೌದು. ಕಡಲ ಬೀದಿಯ ತಿರುವಿನವರೆಗೆ ಹೋದಳು. ಅಲ್ಲಿ ಜಗುಲಿಯ ಮೇಲೆ ಬಲೆ ಬಿಡಿಸುತ್ತ ಕುಳಿತ ನಾಲ್ಕು ಹೆಂಗಸರು ತಲೆ ಎತ್ತಿದರು. ಒಬ್ಬಳು ಇನ್ನೊಬ್ಬಳ ಮೊಣಕೈ ತಿವಿದಳು.

ನಾನು ಅವನನ್ನು ನೋಡಲು ಬಂದೆ ಅಂದುಕೊಂಡರೆ?

ಅವಳ ಕಾಲು ಅಲ್ಲೇ ನಿಂತಿತು. ಸರ್ವೆಯವರು ಎಣಿಸಿಯೇ ಕಳಿಸಿರುತ್ತಾರೆ, ನಾನು ಮತ್ತೆ ಎಣಿಸಿದರೆ ಮನೆ ಹೆಚ್ಚಾಗುತ್ತದೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಿಂದಿರುಗಿದಳು. ಸಹಿ ಹಾಕಿದಳು.

ಮಂಗಳವಾರ ಪ್ರಕಟಣೆ ಫಲಕಕ್ಕೆ ಅಂಟಿದ ದಿನ ಕಡಲ ಬೀದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತಂತೆ. ಪುರಸಭೆ ಮೀನುಗಳಿಗೆ ನೋಟೀಸು ಕೊಟ್ಟಿದೆ ಎಂದು ಧಕ್ಕೆಯಲ್ಲೆಲ್ಲ ಮಾತು. ಯಾಕೆ ನಗುತ್ತಾರೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆ. ಹದಿಮೂರು ದಿನವಾದರೂ ಒಂದು ಅರ್ಜಿಯೂ ಬರಲಿಲ್ಲ.

ಹದಿನಾಲ್ಕನೆಯ ದಿನ ಸೋಮವಾರ. ಅವನು ಬಂದ. ಆ ದಿನ ಅವನ ಅಂಗಿಗೆ ಇಸ್ತ್ರಿಯಾಗಿತ್ತು.

"ಎಲ್ಲರೂ ನಗ್ತಿದ್ದಾರೆ, ನನಗೆ ಮಾತ್ರ ನಿಮ್ಮ ಬಾಯಿಂದ ಕೇಳ್ಬೇಕು. ನಮ್ಮ ಏಳನೇ ಮನೆ ಆ ಪಟ್ಟಿಯಲ್ಲಿ ಇದೆಯಾ?"

ಅವಳು ಪಟ್ಟಿ ತೆಗೆದಳು. ಬೆರಳಿಟ್ಟು ನೋಡಿದಳು. ಒಂದು, ಎರಡು, ಮೂರು, ನಾಲ್ಕು.

"ಏಳು ಇಲ್ಲ."

"ಖಂಡಿತ?"

"ಖಂಡಿತ."

ಅವನ ಮುಖ ಬೆಳಗಿತು. ಕಿಟಕಿಯ ಕಟ್ಟೆಯ ಮೇಲೆ ಎರಡೂ ಕೈ ಊರಿ, ದನಿ ತಗ್ಗಿಸಿದ. "ಹಾಗಾದ್ರೆ ಗುರುವಾರ ಸಂಜೆ ಬರ್ತೀನಿ. ನಿಮ್ಮನ್ನ ಒಂದು ಮಾತು ಕೇಳೋದಿದೆ. ಮನೆ ಉಳಿಯುತ್ತೆ ಅಂತ ಗೊತ್ತಾಗೋ ತನಕ ಕೇಳೋ ಹಾಗಿರಲಿಲ್ಲ."

ಹೊರಟೇಬಿಟ್ಟ. ಸಾಲಿನಲ್ಲಿ ಅವನ ಹಿಂದಿದ್ದವರ ಅರ್ಜಿ ಕೈಯಲ್ಲಿ ಹಿಡಿದು ಅವಳು ಎಷ್ಟು ಹೊತ್ತು ಕುಳಿತಿದ್ದಳೋ. ಮನೆಗೂ ಮಾತಿಗೂ ಏನು ಸಂಬಂಧ? ಯಾವ ಮಾತಿಗೆ ಮನೆ ಬೇಕು?

ಉತ್ತರ ಹೊಳೆದಾಗ ಅವಳು ಕೈಯಲ್ಲಿದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಅದಾಗಿರಲಾರದು... ಅದೇ ಆಗಿದ್ದರೆ?

ಮಂಗಳವಾರ ಅರ್ಜಿಯ ಗಡುವು ಮುಗಿಯಿತು. ಬುಧವಾರ ಹೋಯಿತು. ಗುರುವಾರ ಅವಳು ನೀಲಿ ಸೀರೆ ಉಟ್ಟು ಐದು ಗಂಟೆಯಿಂದ ಕಚೇರಿಯ ಮೆಟ್ಟಿಲ ಮೇಲೆ ಕಡತ ನೋಡುವವಳಂತೆ ನಿಂತಳು. ಐದೂವರೆ. ಆರು. ಕಾವಲುಗಾರ ಬಾಗಿಲು ಹಾಕಿ, ಯಾರಿಗಾದರೂ ಕಾಯ್ತಿದ್ದೀರಾ ಎಂದು ಕೇಳಿದಾಗ ಇಲ್ಲ ಎಂದಳು.

ಅವನು ಬರಲಿಲ್ಲ.

ಯಾಕೆ? ಕೇಳುವ ಮಾತು ಬೇರೆಯೇ ಇತ್ತೇ? ನಾನೇ ಏನೇನೋ ಕಟ್ಟಿಕೊಂಡೆನೇ? ರಾತ್ರಿಯ ಊಟಕ್ಕೆ ಕುಳಿತಾಗ ಅಕ್ಕ ಏನೂ ಕೇಳಲಿಲ್ಲ, ಸುಮ್ಮನೆ ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಅದು ಕೇಳಿದ್ದಕ್ಕಿಂತ ಹೆಚ್ಚು ನೋಯಿಸಿತು.

ಶುಕ್ರವಾರ ಬೆಳಗ್ಗೆ ಅವಳು ಕಡಲ ಬೀದಿಗೆ ನಡೆದಳು. ಜಗುಲಿಯ ಹೆಂಗಸರು ಇದ್ದರು. ಯಾರೂ ಯಾರನ್ನೂ ತಿವಿಯಲಿಲ್ಲ; ಅವಳನ್ನು ನೋಡಿ ಬಲೆಯ ಕಡೆಗೆ ತಲೆ ತಗ್ಗಿಸಿದರು.

ಏಳನೇ ಮನೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗುಣಿಸುವ ಗುರುತು. ಬಣ್ಣ ಕೆಳಗೆ ಇಳಿದು ಒಣಗಿತ್ತು.

ಅವನು ಹೊಸ್ತಿಲಲ್ಲಿ ಕುಳಿತು ದಪ್ಪ ದಾರಕ್ಕೆ ಮೇಣ ಉಜ್ಜುತ್ತಿದ್ದ. ಏಳಲಿಲ್ಲ.

"ಬುಧವಾರ ಬಂದು ಬಳಿದು ಹೋದ್ರು. ಮೂರು ತಿಂಗಳಲ್ಲಿ ಖಾಲಿ ಮಾಡ್ಬೇಕಂತೆ. ಅರ್ಜಿ ಹಾಕೋ ದಿನ ಮುಗಿದಿದೆಯಂತೆ."

"ಇದು ಹೇಗೆ... ನಿಮ್ಮ ಮನೆ ಪಟ್ಟಿಯಲ್ಲಿ ಇಲ್ಲ." ಅವಳು ಚೀಲದಿಂದ ಹಾಳೆ ತೆಗೆದಳು. "ಈಗಲೂ ಇಲ್ಲ. ನೋಡಿ."

ಅವನು ಹಾಳೆ ನೋಡಲಿಲ್ಲ. ಬಾಗಿಲು ನೋಡಿದ.

"ಸೋಮವಾರ ನೀವು ಇದೆ ಅಂದಿದ್ರೆ ಮಂಗಳವಾರ ಅರ್ಜಿ ಹಾಕ್ತಿದ್ದೆ. ನೀವು ಖಂಡಿತ ಅಂದ್ರಿ. ನಾನು ಬೇರೆ ಯಾರನ್ನೂ ಕೇಳ್ಲಿಲ್ಲ. ಕೇಳ್ಬೇಕು ಅಂತ ಅನ್ನಿಸ್ಲೂ ಇಲ್ಲ."

ಅಷ್ಟು ಹೇಳಿ ದಾರದುಂಡೆ ಎತ್ತಿಕೊಂಡು ಧಕ್ಕೆಯ ಕಡೆಗೆ ಹೊರಟುಹೋದ. ಅವನು ಕೂಗಾಡಿದ್ದರೆ ಅವಳು ಉತ್ತರ ಕೊಡುತ್ತಿದ್ದಳೇನೋ. ಅವನ ಬೆನ್ನಿಗೆ ಏನು ಉತ್ತರ ಕೊಡುವುದು?

ಹಾಳೆಯಲ್ಲಿ ಏಳು ಇಲ್ಲ. ಬಾಗಿಲ ಮೇಲೆ ಗುರುತಿದೆ. ಎರಡೂ ಕಣ್ಣೆದುರಿಗೇ ಇವೆ. ಯಾವುದು ಸುಳ್ಳು?

"ಒಳಗೆ ಬಾ ಮಗಳೇ," ಎಂದಿತು ಒಂದು ದನಿ. "ಬಿಸಿಲಲ್ಲಿ ನಿಂತ್ರೆ ಬಣ್ಣ ಅಳಿಸಲ್ಲ."

ಅಜ್ಜಿ. ಇಷ್ಟು ತಿಂಗಳು ಪ್ರತಿ ವಾಕ್ಯ ಬರೆಯುವಾಗಲೂ ಈಕೆಗೆ ಅರ್ಥವಾಗುತ್ತದೆಯೇ ಎಂದು ಅವಳು ಕೇಳಿಕೊಂಡಿದ್ದಳು; ಮುಖ ನೋಡಿದ್ದು ಇಂದೇ. ಸಣ್ಣ ದೇಹ, ಮಬ್ಬು ಕಣ್ಣು, ದೊಡ್ಡ ಕಿವಿ. ದನಿಯಿಂದಲೇ ಗುರುತು ಹಿಡಿದೆ, ಶನಿವಾರ ಶನಿವಾರ ಮೈಕಿನಲ್ಲಿ ಕೇಳ್ತೀನಲ್ಲ ಎಂದಳು.

ಅವಳು ಅಜ್ಜಿಯ ಪಕ್ಕ ಕುಳಿತು ತನ್ನ ಗೊಂದಲವನ್ನೆಲ್ಲ ತೋಡಿಕೊಂಡಳು. ಪಟ್ಟಿಯಲ್ಲಿ ಇರುವುದು ಒಂದರಿಂದ ನಾಲ್ಕು, ನಿಮ್ಮದು ಏಳು, ಮತ್ತೆ ಈ ಗುರುತು ಎಲ್ಲಿಂದ ಬಂತು ಎಂದು ಕೇಳಿದಳು.

ಅಜ್ಜಿ ಅವಳ ಕೈ ಹಿಡಿದು ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋದಳು. ಕಡಲಿನ ಕಡೆಗೆ ಎರಡೇ ಮನೆ ಆಚೆಗಿದ್ದವು. ಆಮೇಲೆ ಮರಳು, ಆಮೇಲೆ ನೀರು.

"ಅಗೋ, ಅಲ್ಲಿ ಅಲೆ ಮುರಿಯೋ ಸದ್ದು ಕೇಳುತ್ತಲ್ಲ, ಅದು ಒಂದನೇ ಮನೆ. ಸೂಲಗಿತ್ತಿದು. ನನ್ನ ಗಂಡ ಹುಟ್ಟಿದ್ದು ಅವಳ ಕೈಯಲ್ಲೇ. ಅದರ ಈಚೆ ಹಗ್ಗ ಹೊಸೆಯೋನ ಮನೆ, ಎರಡನೇದು. ಮೂರನೇದು ಮಾತಾಡದ ಅಕ್ಕತಂಗೀರದು. ಮನೆ ಮುಳುಗಿದ ದಿನ ಮಾತಾಡಿದ್ರು. ನಾಲ್ಕು ಮೇಷ್ಟ್ರದು. ಈಗ ನಿಂತಿರೋದು ಐದರಿಂದ."

ಅವಳು ಕೈಯಲ್ಲಿದ್ದ ಪಟ್ಟಿಯನ್ನು ಮತ್ತೆ ನೋಡಿದಳು.

"ನಂಬರು ಬದಲಾಯಿಸ್ಲಿಲ್ವಾ ಅಜ್ಜಿ?"

"ಅದೆಂಥಾ ಮಾತು. ಕಡಲು ಮನೆ ತಗೊಂಡು ಹೋಯ್ತು ಅಂತ ನಾವು ಅವರ ನಂಬರು ತಗೊಳ್ಳೋದಾ? ಎದ್ದು ಹೋದೋರ ಎಲೆ ಮುಂದೆ ನಾವು ಕೂತ ಹಾಗಾಗಲ್ವಾ?"

ಹಾಗೆ ನೋಡಿದರೆ ಇಬ್ಬರ ಎಣಿಕೆಯೂ ಸರಿ. ಬೀದಿಯವರು ಮುಳುಗಿದ ಮನೆಗಳನ್ನು ಸೇರಿಸಿ ಎಣಿಸಿದ್ದರು. ಅದಕ್ಕೇ ಒಂದರಿಂದ ನಾಲ್ಕು ಎಂದಾಗ ನೀರಿನೊಳಗಿನ ಮನೆಗಳು ಎಂದು ನಕ್ಕಿದ್ದರು. ಸರ್ವೆಯವರು ನಿಂತಿದ್ದ ಮನೆಗಳನ್ನಷ್ಟೇ ಎಣಿಸಿದ್ದರು. ಅವರ ಮೂರನೆಯದೇ ಬೀದಿಯ ಏಳನೆಯದು. ಇವೆರಡೂ ಲೆಕ್ಕ ಒಂದನ್ನೊಂದು ಕಾಣಬೇಕಾಗಿದ್ದ ಜಾಗ ಒಂದೇ ಒಂದು: ಯಾರಾದರೂ ಹಾಳೆ ಹಿಡಿದು ಈ ಬೀದಿಗೆ ನಡೆದು ಬರುವುದು. ಅದಕ್ಕೆಂದೇ ಆ ಸಾಲಿತ್ತು. ಅದರ ಕೆಳಗೆ ಅವಳ ಸಹಿ ಇತ್ತು.

ಅವಳು ತಿರುವಿನಿಂದ ವಾಪಸು ಹೋಗಿದ್ದಳು.

ಮಧ್ಯಾಹ್ನ ಮುಖ್ಯಾಧಿಕಾರಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಹೊತ್ತು ಮೇಜಿನ ಗಾಜು ನೋಡಿದರು. ಗಡುವು ಮುಗಿದ ಪ್ರಕಟಣೆಯನ್ನು ಹೊಸದಾಗಿ ಹೊರಡಿಸಲು ಒಂದೇ ದಾರಿ ಇದೆ ಎಂದರು. ಸಹಿ ಹಾಕಿದವರು, ನಾನು ಸ್ಥಳಕ್ಕೆ ಹೋಗದೆ ಸಹಿ ಹಾಕಿದೆ ಎಂದು ಬರೆದುಕೊಡಬೇಕು, ಅದನ್ನು ಊರಿಗೆ ತಿಳಿಸಬೇಕು. ಆಗ ಹಳೆಯದು ರದ್ದಾಗುತ್ತದೆ, ಹದಿನೈದು ದಿನ ಮತ್ತೆ ಶುರುವಾಗುತ್ತದೆ.

"ಮುಂದಿನ ತಿಂಗಳು ನಿಮ್ಮ ಕೆಲಸ ಕಾಯಂ ಆಗೋದಿದೆ," ಎಂದರು ಕೊನೆಗೆ. "ಈ ಕಾಗದ ನಿಮ್ಮ ಕಡತದಲ್ಲಿ ಕೂತ್ರೆ ನನ್ನ ಕೈಲಿ ಏನೂ ಇರಲ್ಲ. ಯಾರೂ ನಿಮ್ಮನ್ನ ಕೇಳಿಲ್ಲ. ಯೋಚನೆ ಮಾಡಿ, ತಾಯಿ."

ಸಂಜೆ ಅಕ್ಕ ಎಲ್ಲವನ್ನೂ ಕೇಳಿ, ಬರೆದುಕೊಟ್ಟರೆ ಅವನು ಹಿಂದಿರುಗುತ್ತಾನೆ ಅಂತ ಏನು ಗ್ಯಾರಂಟಿ ಎಂದಳು. ಗ್ಯಾರಂಟಿ ಇಲ್ಲ. ಹಾಗಾದರೆ ಯಾರಿಗಾಗಿ ಬರೆಯುವುದು? ಅವನಿಗಾಗಿಯೋ, ಅಜ್ಜಿಗಾಗಿಯೋ, ನನಗಾಗಿಯೋ? ದೇವರ ಮುಂದೆ ಕೈಮುಗಿದು ಕುಳಿತಳು. ಏನು ಬೇಡಬೇಕೆಂದೇ ತೋಚಲಿಲ್ಲ. ಬಹಳ ಹೊತ್ತಿನ ಮೇಲೆ, ಕಲಕಿದ ನೀರಿನಲ್ಲಿ ಮಣ್ಣು ತಳಕ್ಕೆ ಇಳಿದಂತೆ, ಒಂದೇ ಒಂದು ಸಂಗತಿ ಸ್ಪಷ್ಟವಾಯಿತು. ಅವನು ಬರಲಿ ಬಿಡಲಿ, ಆ ಬಾಗಿಲ ಮೇಲಿನ ಬಣ್ಣ ತನ್ನ ಕೈಯದೇ.

ಶನಿವಾರ ಬೆಳಗ್ಗೆ ಆ ಕಾಗದ ಬರೆದುಕೊಟ್ಟು, ಹತ್ತಕ್ಕೆ ಅವಳು ಮೈಕಿನ ಮುಂದೆ ನಿಂತಳು. ಮೊದಲು ಕಸದ ಗಾಡಿಯ ದಿನ ಓದಿದಳು. ಆಮೇಲೆ ಭರತದ ಹೊತ್ತು ಓದಿದಳು. ಆಮೇಲೆ ಹಾಳೆ ತಿರುವಿದಳು.

"ಕಡಲ ಬೀದಿಯವರ ಗಮನಕ್ಕೆ. ಒಂದನೇ ಮನೆ, ಎರಡನೇ ಮನೆ, ಮೂರನೇ ಮನೆ, ನಾಲ್ಕನೇ ಮನೆ ಕಡಲಿಗೆ ಹೋಗಿವೆ. ತಡೆಗೋಡೆಗೆ ಬೇಕಾಗಿರುವುದು ಐದು, ಆರು, ಏಳು ಮತ್ತು ಎಂಟನೇ ಮನೆ. ಹಿಂದಿನ ಪ್ರಕಟಣೆಯಲ್ಲಿ ಇದನ್ನು ತಪ್ಪಾಗಿ ತಿಳಿಸಿದ್ದೇನೆ. ನಾನು ನಿಮ್ಮ ಬೀದಿಗೆ ಬಂದು ನೋಡಬೇಕಿತ್ತು. ಬರಲಿಲ್ಲ. ಬಂದೆ ಎಂದು ಸಹಿ ಹಾಕಿದೆ. ತಪ್ಪು ನನ್ನದು. ಆ ಪ್ರಕಟಣೆ ರದ್ದಾಗಿದೆ. ಇವತ್ತಿನಿಂದ ಹದಿನೈದು ದಿನ ನೀವು ಅರ್ಜಿ ಕೊಡಬಹುದು. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ."

ಮೈಕು ಆರಿಸಿದಳು. ಕೆಳಗೆ ಸಂತೆಯ ರಸ್ತೆಯಲ್ಲಿ ಒಂದು ಗಳಿಗೆ ಯಾರೂ ಚೌಕಾಸಿ ಮಾಡಲಿಲ್ಲ.

ಸೋಮವಾರ ಕಿಟಕಿಯ ಮುಂದೆ ಕಡಲ ಬೀದಿಯೇ ನಿಂತಿತ್ತು. ಬಲೆಯ ಹೆಂಗಸರಲ್ಲಿ ಇಬ್ಬರು ಬಂದು, ಮೀನುಗಳು ಕಳಿಸಿದ್ದಾವೆ, ಅರ್ಜಿ ಬರೆದುಕೊಡಬೇಕಂತೆ ಎಂದು ನಕ್ಕರು. ಅವಳೂ ನಕ್ಕಳು, ನಗುತ್ತ ಸಾಲಿನ ಕೊನೆಯವರೆಗೂ ಕಣ್ಣು ಹಾಯಿಸಿದಳು.

ಏಳನೇ ಮನೆಯಿಂದ ಬಂದದ್ದು ಅಜ್ಜಿ, ಪಕ್ಕದ ಮನೆಯವರ ಕೈ ಹಿಡಿದುಕೊಂಡು.

ದರ್ಜಿಗೆ ಮೂವತ್ತು ಅಡಿ ನೆಲ ಬೇಕು, ಗುಡ್ಡದ ಮೇಲಿನ ಕೋಣೆಯಲ್ಲಿ ದೋಣಿಯ ಹೊದಿಕೆ ಹಾಸಲು ಆಗುವುದಿಲ್ಲ, ಕೆಲಸ ಹೋದರೆ ಬದುಕು ಹೋದಂತೆ ಎಂದು ಅಜ್ಜಿ ಹೇಳುತ್ತ ಹೋದಳು. ಅವಳು ಬರೆಯುತ್ತ ಹೋದಳು. ಮೊಮ್ಮಗ ಯಾಕೆ ಬರಲಿಲ್ಲ ಎಂದು ಕೇಳಲು ಬಾಯಿ ಮೂರು ಸಲ ತೆರೆಯಿತು, ಮೂರು ಸಲವೂ ಮುಚ್ಚಿತು. ಅಜ್ಜಿ ಏಳುವಾಗ ತಾನಾಗಿಯೇ ಹೇಳಿದಳು.

"ಶನಿವಾರ ನೀನು ಓದುವಾಗ ಅವನು ಮಿಷನ್ ನಿಲ್ಲಿಸ್ದ. ಆಮೇಲೆ ಇಡೀ ದಿನ ಹೊಲೀಲಿಲ್ಲ. ನನಗಿಷ್ಟೇ ಗೊತ್ತು. ಅವನ ತಲೇಲಿ ಏನು ನಡೀತಿದೆಯೋ, ಹೆತ್ತೋಳಿಗೂ ಗೊತ್ತಾಗ್ತಿರಲಿಲ್ಲ."

ಹೊಲಿಯಲಿಲ್ಲ ಅಂದರೆ? ಸಿಟ್ಟಿನಿಂದಲೋ? ಬೇಸರದಿಂದಲೋ? ಅಥವಾ...

ಅರ್ಜಿಗಳ ವಿಚಾರಣೆಯ ದಿನ ಅವನು ಬಂದ. ಮುಖ್ಯಾಧಿಕಾರಿಯ ಎದುರು ನಿಂತು, ಗೋಡೆ ಬೇಡವೆಂದು ಹೇಳುವುದಿಲ್ಲ, ಕಡಲು ಹೇಗೂ ಬರುತ್ತದೆ, ತನಗೆ ಉದ್ದದ ನೆಲ ಬೇಕು ಎಂದಷ್ಟೇ ಹೇಳಿದ. ಮೂಲೆಯಲ್ಲಿ ಕುಳಿತು ಅವಳು ಅದನ್ನು ದಾಖಲಿಸಿಕೊಂಡಳು. ಅವನು ಒಮ್ಮೆಯೂ ಮೂಲೆಯ ಕಡೆಗೆ ನೋಡಲಿಲ್ಲ. ನೋಡಬಾರದೆಂದು ಕುತ್ತಿಗೆ ಬಿಗಿಹಿಡಿದವನಂತೆ ಇದ್ದ. ಅದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯಲಿಲ್ಲ.

ಆದೇಶ ವಾರದೊಳಗೆ ಬಂತು. ಐದು, ಆರು, ಎಂಟನೇ ಮನೆಯವರಿಗೆ ಸಂತೆಯ ಹಿಂದಿನ ಜಾಗ. ಏಳನೇ ಮನೆಯವರಿಗೆ ಧಕ್ಕೆಯ ಪಕ್ಕದ, ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಉದ್ದನೆಯ ಕೋಣೆ, ಅದಕ್ಕೆ ಹೊಂದಿಕೊಂಡ ಎರಡು ಕೋಣೆ, ಅಳತೆ ಸರಿಯಿದ್ದರೆ. ಅದೇ ವಾರ ಇನ್ನೊಂದು ಕಾಗದವೂ ಬಂತು: ಅವಳ ಕೆಲಸ ಕಾಯಂ ಆಗುವುದನ್ನು ಒಂದು ವರ್ಷ ಮುಂದೂಡಲಾಗಿದೆ. ಅವಳು ಅದನ್ನು ಓದಿ ಮಡಚಿಟ್ಟಳು. ಅಕ್ಕ ಅದಕ್ಕೆ ಅತ್ತಳು. ಅವಳಿಗೆ ಅಳು ಬರಲಿಲ್ಲ.

ಅಳತೆ ಪರಿಶೀಲಿಸಲು ಮುಖ್ಯಾಧಿಕಾರಿ ಅವಳನ್ನೇ ಕಳಿಸಿದರು. ಈ ಸಲ ಹೋಗಿಬರ್ತೀರಲ್ಲ ಎಂದು ಮಾತ್ರ ಕೇಳಿದರು.

ಐಸ್ ಫ್ಯಾಕ್ಟರಿಯ ಕೋಣೆ ಖಾಲಿಯಾಗಿ, ತಂಪಾಗಿ ಇತ್ತು. ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬೆಳಕು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಅವನು ಮೊದಲೇ ಬಂದು ನಿಂತಿದ್ದ. ಅವಳು ಟೇಪಿನ ತುದಿಯನ್ನು ಅವನ ಕೈಗೆ ಕೊಟ್ಟಳು, ಬೆರಳು ತಾಗದಂತೆ. ಅವನು ಆ ಗೋಡೆಗೆ ನಡೆದ. ಅವಳು ಈ ಗೋಡೆಯ ಹತ್ತಿರ ನಿಂತಳು.

"ಮೂವತ್ತಾರು ಅಡಿ," ಎಂದಳು. ಖಾಲಿ ಕೋಣೆ ಅದನ್ನು ಇನ್ನೊಮ್ಮೆ ಹೇಳಿತು.

ಅವನು ತುದಿ ಬಿಡಲಿಲ್ಲ.

"ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?" ಅವಳೇ ಕೇಳಿದಳು. ಇಷ್ಟು ದೂರದಿಂದ ಕೇಳುವುದು ಸುಲಭವಾಗಿತ್ತು.

"ಸಿಟ್ಟು ಆ ಶನಿವಾರವೇ ಹೋಯ್ತು."

"ಮತ್ತೆ ಅರ್ಜಿ ಕೊಡೋಕೆ ಅಜ್ಜೀನ ಕಳಿಸಿದ್ರಿ. ವಿಚಾರಣೇಲಿ ಮುಖ ನೋಡ್ಲಿಲ್ಲ."

"ನಾಚಿಕೆ ಆಗ್ತಿತ್ತು. ಊರಿನ ಮುಂದೆ ತಪ್ಪು ನನ್ನದು ಅಂತ ನೀವು ಹೇಳಿದ್ರಿ. ನಾನು ನಿಮ್ಮ ಒಂದು ಮಾತು ಕೇಳದೆ ಎದ್ದು ಹೋಗಿದ್ದೆ. ಯಾವ ಮುಖ ಇಟ್ಕೊಂಡು ಬರ್ಲಿ?" ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದ. "ಒಂದು ಮಾತ್ರ ಅರ್ಥ ಆಗ್ಲಿಲ್ಲ. ನಮ್ಮಜ್ಜಿಗೆ ಅರ್ಥ ಆಗ್ಲಿ ಅಂತ ಒಂದು ಪದಕ್ಕೆ ಎರಡು ದಿನ ತಿಣುಕೋರು ನೀವು. ಆವತ್ತು ನಮ್ಮ ಬೀದಿಗೆ ಯಾಕೆ ಬರ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಬಿಸಿಲಿತ್ತು, ಕೆಲಸವಿತ್ತು, ಹೇಳಲು ಬೇಕಾದಷ್ಟಿತ್ತು. ಆದರೆ ಇಷ್ಟು ದಿನದ ಗೊಂದಲದಲ್ಲಿ ಒಂದೇ ಒಂದು ಎಳೆ ಅವಳ ಕೈಗೆ ನೇರವಾಗಿ ಸಿಕ್ಕಿದ್ದು ಇದು. ಅದನ್ನು ಬಿಡಲು ಮನಸ್ಸಾಗಲಿಲ್ಲ.

"ತಿರುವಿನ ತನಕ ಬಂದಿದ್ದೆ. ಜಗುಲಿ ಮೇಲೆ ಹೆಂಗಸರು ಇದ್ರು. ನಿಮ್ಮನ್ನ ನೋಡೋಕೆ ಬಂದೆ ಅಂದ್ಕೋತಾರೆ ಅಂತ ಹಿಂದೆ ಹೋದೆ."

ಟೇಪು ಒಂದು ಚೂರು ಸಡಿಲವಾಯಿತು. ಅವನು ಒಂದು ಹೆಜ್ಜೆ ಈಚೆ ಬಂದಿದ್ದ.

"ಅಂದ್ಕೊಂಡಿದ್ರೆ ಏನಾಗ್ತಿತ್ತು?"

"ಅವರು ಅಂದ್ಕೊಂಡಿದ್ದು ನಿಜ ಆಗಿರ್ತಿತ್ತು."

ಇನ್ನೊಂದು ಹೆಜ್ಜೆ. ಟೇಪಿನ ಡಬ್ಬಿ ಅವಳ ಅಂಗೈಯೊಳಗೆ ಮೆಲ್ಲಗೆ ಸುತ್ತಿಕೊಳ್ಳತೊಡಗಿತು. ಇಪ್ಪತ್ತೆಂಟು. ಇಪ್ಪತ್ತು.

"ಆ ಗುರುವಾರ ಕೇಳ್ಬೇಕು ಅಂತಿದ್ದೆ," ಎಂದ ಅವನು. "ಒಂದು ಮನೆ ಅಂತ ಇದ್ರೆ ತಾನೇ ಕೇಳೋಕಾಗೋದು ಅಂದ್ಕೊಂಡಿದ್ದೆ. ಈಗ ಇಲ್ಲಿ ಬಾಗಿಲು ಕೂಡ ಸರಿ ಇಲ್ಲ. ಅದನ್ನ ಇನ್ನೂ..."

"ನೀವು ಕೇಳ್ಬೇಡಿ," ಎಂದಳು ಅವಳು.

ಅವನು ನಿಂತ. ಹತ್ತು ಅಡಿ. ಅವನ ಮುಖದಲ್ಲಿ ಇಷ್ಟು ದಿನ ಅವಳನ್ನು ಕಾಡಿದ ಗೊಂದಲವೆಲ್ಲ ಒಮ್ಮೆಲೇ ಬಂದು ಕುಳಿತಂತಿತ್ತು.

"ನನಗೆ ಒಪ್ಪಿಗೆ," ಎಂದಳು. "ನೀವು ಕೇಳೋ ತನಕ ಕಾಯೋಕೆ ನನ್ನ ಕೈಲಾಗಲ್ಲ. ಮೂರು ತಿಂಗಳಿಂದ ಯಾವುದಕ್ಕೂ ಸರಿಯಾದ ತಾರೀಖು ಹಾಕಿಲ್ಲ ನಾನು."

ಅವನು ನಕ್ಕ. ಅವನು ನಕ್ಕದ್ದನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಉಳಿದ ಹತ್ತು ಅಡಿ ಯಾರು ನಡೆದರೋ, ಇಬ್ಬರಿಗೂ ಆಮೇಲೆ ನೆನಪಾಗಲಿಲ್ಲ. ಟೇಪಿನ ತುದಿ ಅವಳ ಕೈಯೊಳಗೆ ಬಂದು ಟಕ್ಕೆಂದಿತು. ಅದರ ಜೊತೆಗೆ ಅವನ ಬೆರಳೂ ಬಂದವು, ಮೇಣದ ವಾಸನೆಯ ಒರಟು ಬೆರಳು.

"ಅಜ್ಜಿಗೆ ಏನಂತ ಹೇಳ್ಲಿ?" ಎಂದು ಕೇಳಿದ.

"ನಾನೇ ಬಂದು ಹೇಳ್ತೀನಿ."

"ಯಾವಾಗ?"

"ಈಗಲೇ. ಬೀದಿಯಲ್ಲೇ ನಡ್ಕೊಂಡು ಹೋಗೋಣ. ಅವರು ಏನು ಬೇಕಾದ್ರೂ ಅಂದ್ಕೊಳ್ಳಲಿ."